ಪುರಾತನ ಬೇಸಾಯಕ್ಕೆ ಸುಟ್ಟ ಕಾಳಿನ ಸಾಕ್ಷ್ಯ

ಭೂಮಿಗೆ ಬಿದ್ದ ಬೀಜಕ್ಕೆ ಸಾಮಾನ್ಯವಾಗಿ ಎರಡೇ ಗತಿಗಳು. ಹದವಿದ್ದರೆ ಮೊಳೆಯುವುದು, ಹದ ತಪ್ಪಿದರೆ ಕೊಳೆಯುವುದು. ಈ ಎರಡಕ್ಕೂ ಸೇರದ ಬೀಜವೊಂದುಂಟು. ಒಲೆಯ ಪಕ್ಕದಲ್ಲಿ ಬಿದ್ದು, ಪೂರ್ತಿಯಾಗಿ ಉರಿದು ಬೂದಿಯಾಗದೆ, ಕರಕಲಾಗಿ ಉಳಿದ ಬೀಜವೇ ಅದು. ಅದು ಮೊಳೆಯಲಾರದು, ಮಣ್ಣಿನಲ್ಲಿ ಎಷ್ಟು ಕಾಲ ಬಿದ್ದಿದ್ದರೂ ಕೊಳೆಯಲಾರದು. ಬೇಸಾಯಗಾರನಿಗೆ ನಿಷ್ಪ್ರಯೋಜಕವೆಂದು ತೋರುವ ಇಂಥ ಸುಟ್ಟ ಕಾಳೇ, ಬರೆಹವೂ ಲೆಕ್ಕಪತ್ರವೂ ಇಲ್ಲದಿದ್ದ ಕಾಲದಲ್ಲಿ ನಮ್ಮ ನಾಡಿನ ಜನರು ಏನನ್ನು ಬಿತ್ತುತ್ತಿದ್ದರು, ಏನನ್ನು ಉಣ್ಣುತ್ತಿದ್ದರು ಎಂಬುದಕ್ಕೆ ಇಂದು ದೊರೆಯುವ ಮುಖ್ಯ ಸಾಕ್ಷ್ಯವಾಗಿದೆ.

ಗದ್ದೆ, ತೋಟ, ಕೆರೆ, ಕಂದಾಯಗಳ ವಿಷಯವನ್ನು ಹೇಳುವ ಶಾಸನಗಳು ನಮ್ಮಲ್ಲಿ ಹೇರಳವಾಗಿರುವುವು. ಆದರೆ ಕರ್ನಾಟಕದಲ್ಲಿ ಶಾಸನಗಳ ಕಾಲವು ಕ್ರಿ. ಪೂ. ಮೂರನೆಯ ಶತಮಾನದ ಅಶೋಕನ ಶಾಸನಗಳಿಂದ ಹಿಂದಕ್ಕೆ ಹೋಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವುಂಟು. ಅದೇ ನಿವೇಶನದಲ್ಲಿ ೧೯೪೭ನೆಯ ಇಸವಿಯಲ್ಲಿ ಸರ್ ಮಾರ್ಟಿಮರ್ ವ್ಹೀಲರ್ ಎಂಬ ಪುರಾತತ್ವಜ್ಞರು ನೆಲವನ್ನು ಅಗೆಯಿಸಿದಾಗ, ಅಶೋಕನಿಗಿಂತ ಎಷ್ಟೋ ಹಿಂದೆ ನಯಮಾಡಿದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ಜನರ ವಸತಿಯು ಬೆಳಕಿಗೆ ಬಂದಿತು. ಅವರ ಕೊಡಲಿ, ಮಡಕೆ, ದನಗಳ ಮೂಳೆ ಇವೆಲ್ಲವೂ ದೊರೆತುವು. ಅವರ ಹೊಲದಲ್ಲಿ ಏನಿತ್ತೆಂಬುದನ್ನು ಮಾತ್ರ ಕಲ್ಲಾಗಲಿ ಮಡಕೆಯಾಗಲಿ ಹೇಳಲಾರದು. ಅದನ್ನು ಕಾಳೇ ಹೇಳಬೇಕು.

ಕಾಳು ಉಳಿಯುವ ಬಗೆ

ಕಾಳು ಬೆಂಕಿಗೆ ಬೀಳುವ ಸಂದರ್ಭಗಳು ರೈತರ ಮನೆಯಲ್ಲಿ ಅನೇಕವಾಗಿವೆ. ಹುರುಳಿಯನ್ನು ಹುರಿಯುವಾಗ ಕೆಲವು ಕಾಳು ಸಿಡಿದು ಒಲೆಗೆ ಬೀಳುವುವು. ಧಾನ್ಯವನ್ನು ಕುಟ್ಟಿ ಕೇರಿದ ಹೊಟ್ಟನ್ನು ಒಲೆಗೆ ಸುರಿದಾಗ ಅದರೊಡನೆ ಜೊಳ್ಳೂ ನುಚ್ಚೂ ಕಳೆಬೀಜಗಳೂ ಹೋಗುವುವು. ದನಗಳು ತಿಂದ ಹುಲ್ಲಿನ ಬೀಜವು ಸಗಣಿಯಲ್ಲಿ ಸೇರಿ, ಬೆರಣಿಯ ಮೂಲಕ ಒಲೆಯನ್ನು ತಲುಪುವುದೂ ಉಂಟು. ಹೀಗೆ ಬಿದ್ದ ಕಾಳಿಗೆ ಗಾಳಿ ಧಾರಾಳವಾಗಿ ಸಿಕ್ಕಿದರೆ ಅದು ಬೂದಿಯಾಗಿಬಿಡುವುದು. ಬೂದಿಯ ಅಡಿಯಲ್ಲಿ ಮುಚ್ಚಿಕೊಂಡು ಗಾಳಿಯಿಲ್ಲದೆ ಬೆಂದರೆ, ಅದರೊಳಗಿನ ನೀರೂ ಅನಿಲಗಳೂ ಹೋಗಿ ಇದ್ದಿಲು ಮಾತ್ರ ಉಳಿಯುವುದು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದ್ದಿಲು ಆಹಾರವಾಗದು. ಆದಕಾರಣ ಕಾಳಿನ ಆಕಾರವು ಸಾವಿರಾರು ವರ್ಷಗಳಾದರೂ ಕೆಡದೆ ಉಳಿಯುವುದು.

ಇದರಿಂದ ಒಂದು ಎಚ್ಚರಿಕೆಯನ್ನೂ ಕಲಿಯಬೇಕಾಗಿದೆ. ಬೆಂಕಿಯ ಹತ್ತಿರಕ್ಕೆ ಹೆಚ್ಚಾಗಿ ಬರುವ ಕಾಳುಕಡ್ಡಿಗಳು ಹೆಚ್ಚಾಗಿ ಉಳಿಯುವುವು. ಹಸಿಯಾಗಿ ತಿನ್ನುವ ಹಣ್ಣು, ಬೇಯಿಸಿ ಉಣ್ಣುವ ಸೊಪ್ಪು ಇವುಗಳ ಗುರುತು ಬಹುಮಟ್ಟಿಗೆ ಅಳಿದುಹೋಗುವುದು. ಆದ್ದರಿಂದ ಒಂದು ಸಸ್ಯವು ದೊರೆಯಲಿಲ್ಲವೆಂಬ ಮಾತ್ರಕ್ಕೆ ಅದನ್ನು ಜನರು ಬಳಸುತ್ತಿರಲಿಲ್ಲವೆಂದು ಹೇಳಲಾಗದು.

ಈ ಶಾಸ್ತ್ರವು ಪುರಾತತ್ವ ಸಸ್ಯಶಾಸ್ತ್ರವೆಂದು ಕರೆಯಲ್ಪಡುತ್ತದೆ. ೧೮೨೬ರಲ್ಲಿ ಕಾರ್ಲ್ ಕುಂಥ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರು ಈಜಿಪ್ಟಿನ ಪುರಾತನ ಗೋರಿಗಳಲ್ಲಿ ಒಣಗಿ ಉಳಿದಿದ್ದ ಬೀಜ ಮತ್ತು ಹಣ್ಣುಗಳನ್ನು ಪರೀಕ್ಷಿಸಿದರು. ೧೮೫೩-೫೪ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಸರೋವರಗಳ ನೀರು ಇಳಿದು, ಕಂಬಗಳ ಮೇಲೆ ಕಟ್ಟಿದ್ದ ಪುರಾತನ ವಸತಿಗಳು ಹೊರಬಿದ್ದುವು. ಅಲ್ಲಿಯ ಕೆಸರಿನಲ್ಲಿದ್ದ ಗೋಧಿ, ಜವೆ, ಅಗಸೆ, ಸೇಬು ಮುಂತಾದುವನ್ನು ಓಸ್ವಾಲ್ಡ್ ಹೀರ್ ಎಂಬವರು ಗುರುತಿಸಿ ೧೮೬೫ರಲ್ಲಿ ಪ್ರಕಟಿಸಿದರು. ಈಜಿಪ್ಟಿನ ಒಣಹವೆಯಾಗಲಿ, ಆ ಸರೋವರಗಳ ಕೆಸರಾಗಲಿ ನಮ್ಮ ಬಯಲುಸೀಮೆಗೆ ಇಲ್ಲ. ನಮ್ಮಲ್ಲಿ ಮಳೆಯೂ ಬಿಸಿಲೂ ಒಂದಾದಮೇಲೊಂದು ಬಂದು ಹಸಿಯ ವಸ್ತುವನ್ನೆಲ್ಲ ಕೊಳೆಯಿಸುವುವು. ಆದಕಾರಣ ಇಲ್ಲಿ ಸುಟ್ಟ ಕಾಳನ್ನೇ ಮುಖ್ಯವಾಗಿ ಆಶ್ರಯಿಸಬೇಕಾಗಿದೆ.

ಮಣ್ಣಿನಿಂದ ಕಾಳನ್ನು ಬೇರ್ಪಡಿಸುವ ಕ್ರಮ

ಸಾವೆಯಂಥ ಸಣ್ಣ ಕಾಳನ್ನು ಕರಿಯ ಮಣ್ಣಿನಲ್ಲಿ ಕಣ್ಣಿನಿಂದ ಹುಡುಕಿ ಆರಿಸುವುದು ಅಸಾಧ್ಯ. ಇದಕ್ಕೆ ಬಳಸುವ ಉಪಾಯವು ಬೀಜವನ್ನು ನೀರಿಗೆ ಹಾಕಿ ಜೊಳ್ಳು ತೆಗೆಯುವ ರೈತರಿಗೆಲ್ಲ ಪರಿಚಿತವಾದುದೇ ಆಗಿದೆ. ಹಳೆಯ ಒಲೆ, ಹಗೇವು, ತಿಪ್ಪೆಗುಂಡಿ, ಮನೆಯ ನೆಲ ಇವುಗಳಿಂದ ಪದರ ಪದರವಾಗಿ ಮಣ್ಣನ್ನು ತೆಗೆದು, ಪ್ರತಿಯೊಂದು ಚೀಲಕ್ಕೂ ಗುಂಡಿ, ಪದರ, ಆಳ ಇವನ್ನು ಬರೆದ ಚೀಟಿಯನ್ನು ಕಟ್ಟುವರು. ಒಣಗಿದ ಆ ಮಣ್ಣನ್ನು ನೀರು ತುಂಬಿದ ಬಕೀಟಿಗೆ ಹಾಕಿ ಮೆಲ್ಲಗೆ ಕದಡುವರು. ಮಣ್ಣೂ ಕಲ್ಲೂ ತಳಕ್ಕೆ ಇಳಿಯುವುವು. ಇದ್ದಿಲಾದ ಕಾಳು ಹಗುರವಾದ್ದರಿಂದ ತೇಲುವುದು. ತೇಲಿದ ಭಾಗವನ್ನು ತೀರ ಸಣ್ಣ ಕಣ್ಣಿನ ಜರಡಿಗೆ ಬಸಿದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸುವರು. ಬಿಸಿಲಿಗೆ ಹಾಕಿದರೆ ಕಾಳು ಬಿರಿದು ಪುಡಿಯಾಗುವುದು.

ಬಳಿಕ ಅದನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು, ಈಗಿನ ಬೆಳೆಗಳ ಮತ್ತು ಕಳೆಗಳ ಬೀಜಸಂಗ್ರಹದೊಡನೆ ಒಂದೊಂದನ್ನಾಗಿ ಹೋಲಿಸಿ ನೋಡುವರು. ಕಾಳಿನ ಆಕಾರ, ಮೊಳಕೆಯ ಭಾಗದ ಉದ್ದ, ಕಾಯಿಗೆ ಅಂಟಿದ್ದ ಕಡೆಯ ಗುರುತು, ಸಿಪ್ಪೆಯ ಮೇಲಿನ ಗೆರೆ ಇವುಗಳಿಂದ ಜಾತಿಯು ನಿರ್ಣಯವಾಗುವುದು. ಒಕ್ಕಣೆಯ ಕೆಲಸವನ್ನು ಅರಿತವರಿಗೆ ಇದರಿಂದ ಇನ್ನೂ ಹೆಚ್ಚು ವಿಷಯ ತಿಳಿಯುವುದು. ಕಡ್ಡಿ, ಗಂಟು, ದೊಡ್ಡ ಕಳೆಬೀಜಗಳು ಹೆಚ್ಚಾಗಿದ್ದರೆ ಅದು ಕಣದ ಕಸ. ಹೊಟ್ಟೂ ಸಣ್ಣ ಕಳೆಬೀಜವೂ ಸೇರಿದ್ದರೆ ಅದು ಕುಟ್ಟಿ ಕೇರಿದ ಮನೆಯ ಕಸ. ಹಸನಾದ ಕಾಳೇ ಇದ್ದರೆ ಅದು ಅಡಿಗೆಗೋ ಬೀಜಕ್ಕೋ ಇಟ್ಟಿದ್ದುದು.

ಸುಡದ ಸಸ್ಯಗಳ ಗುರುತೂ ಒಂದು ವಿಧವಾಗಿ ಉಳಿಯುವುದುಂಟು. ಹುಲ್ಲಿನ ಗರಿಯು ಕೈಯನ್ನು ಕೊಯ್ಯುವುದು ಅದರಲ್ಲಿರುವ ಮರಳಿನ ಅಂಶದಿಂದ. ಈ ಅಂಶವು ಗಿಡದ ಜೀವಕೋಶಗಳ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದು. ಹುಲ್ಲು ಕೊಳೆತರೂ, ದನದ ಹೊಟ್ಟೆಯನ್ನು ಹಾದುಹೋದರೂ, ಸುಟ್ಟು ಬೂದಿಯಾದರೂ ಅದು ಅಳಿಯದು. ಹಸಿಮಣ್ಣಿನ ಮಡಕೆಗೆ ಬೆರಸಿದ ಹೊಟ್ಟೂ ತನ್ನ ಅಚ್ಚನ್ನು ಮಡಕೆಯಲ್ಲಿ ಬಿಟ್ಟುಹೋಗುವುದು.

ಕಾಲವನ್ನು ತಿಳಿಯುವ ಬಗೆ

ಕಾಳಿನ ವಯಸ್ಸನ್ನು ತಿಳಿಯುವ ವಿಧಾನವನ್ನು ವಿಲ್ಲರ್ಡ್ ಲಿಬ್ಬಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರೂ ಅವರ ಸಹಾಯಕರೂ ೧೯೪೯ರಲ್ಲಿ ಪ್ರಕಟಿಸಿದರು. ಇದಕ್ಕಾಗಿ ಅವರಿಗೆ ೧೯೬೦ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಜೀವವಿರುವ ಗಿಡವು ಗಾಳಿಯಿಂದ ಇಂಗಾಲವನ್ನು ಎಳೆದುಕೊಳ್ಳುವಾಗ ಅದರೊಡನೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲವನ್ನೂ ಎಳೆದುಕೊಳ್ಳುವುದು. ಗಿಡವು ಸತ್ತಮೇಲೆ ಈ ವಿಶೇಷ ಇಂಗಾಲವು ಹೊಸದಾಗಿ ಸೇರದೆ, ಸುಮಾರು ೫,೭೩೦ ವರ್ಷಗಳಿಗೆ ಅರ್ಧದಷ್ಟರಂತೆ ಕಡಮೆಯಾಗುತ್ತ ಹೋಗುವುದು. ಉಳಿದಿರುವ ಪಾಲನ್ನು ಅಳೆದರೆ ಗಿಡವು ಸತ್ತ ಕಾಲವು ಗೊತ್ತಾಗುವುದು.

ಈ ಕೆಲಸಕ್ಕೆ ಕಾಳು ಮರಕ್ಕಿಂತ ಉತ್ತಮ. ಮರದ ತಿರುಳು ಸುಡುವ ಹೊತ್ತಿಗಾಗಲೇ ನೂರಾರು ವರ್ಷ ಹಳೆಯದಾಗಿರಬಹುದು. ಕಾಳಾದರೋ ಒಂದೇ ಬೆಳೆಗಾಲದ್ದು. ಮೊದಲು ಈ ಪರೀಕ್ಷೆಗೆ ಹಿಡಿತುಂಬ ಇದ್ದಿಲು ಬೇಕಾಗುತ್ತಿತ್ತು. ಈಚಿನ ಯಂತ್ರಗಳಿಗೆ ಒಂದು ಕಾಳು ಸಾಕು. ಇದರಿಂದ ಮತ್ತೊಂದು ಅನುಕೂಲವಾಗಿದೆ. ಇರುವೆ, ಇಲಿ, ಬೇರು ಇವು ಮೇಲಿನ ಕಾಳನ್ನು ಕೆಳಗಿನ ಹಳೆಯ ಪದರಕ್ಕೆ ಇಳಿಸಿ ನೋಡುವವರಿಗೆ ಮೋಸಮಾಡುವುದುಂಟು. ಆ ಕಾಳನ್ನೇ ಪರೀಕ್ಷಿಸಿದರೆ ಮೋಸವು ಬಯಲಾಗುವುದು.

ಬೂದಿಗುಡ್ಡಗಳ ಜನರು

ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ, ನೆರೆಯ ಆಂಧ್ರ ಮತ್ತು ತೆಲಂಗಾಣಗಳ ಕೆಲವು ಭಾಗಗಳಲ್ಲಿಯೂ ಹೊಲಗಳ ನಡುವೆ ಬೂದಿಯ ದಿಬ್ಬಗಳು ಕಾಣಬರುತ್ತವೆ. ಇವುಗಳ ಸಂಖ್ಯೆಯು ನೂರಕ್ಕೆ ಮೇಲ್ಪಟ್ಟಿದೆ. ಕೆಲವು ಆಳೆತ್ತರಕ್ಕೂ ಮಿಗಿಲಾಗಿರುವುವು. ಬೂದಿಯು ಕೆಲವೆಡೆ ಕರಗಿ ಗಾಜಿನಂತೆ ಗಟ್ಟಿಯಾಗಿರುವುದೂ ಉಂಟು. ಜನರು ಇವನ್ನು ಪುರಾಣದ ರಾಕ್ಷಸರನ್ನು ಸುಟ್ಟ ಬೂದಿಯೆಂದು ಹೇಳುವರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯನ್ನು ದಹನಮಾಡಿದ ಸ್ಥಳವೆಂದು ಪ್ರತೀತಿಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ಇವು ದನದ ಸಗಣಿಯನ್ನು ಸುಟ್ಟದ್ದರಿಂದ ಆದುವೆಂದು ಅಭಿಪ್ರಾಯಪಟ್ಟರು. ಮುಂದೆ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಈ ಅಭಿಪ್ರಾಯವೇ ಸ್ಥಿರಪಟ್ಟಿತು. ರೇಮಂಡ್ ಆಲ್ಚಿನ್ ಎಂಬವರು ಉತ್ನೂರು ಎಂಬಲ್ಲಿಯ ದಿಬ್ಬವನ್ನು ಅಗೆಯಿಸಿ, ಇವು ದನಗಳನ್ನು ಕೂಡುತ್ತಿದ್ದ ದೊಡ್ಡಿಗಳೆಂದೂ, ಕೂಡಿಬಿದ್ದ ಸಗಣಿಗೆ ಆಗಾಗ ಬೆಂಕಿಯಿಡುತ್ತಿದ್ದರೆಂದೂ ೧೯೬೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಯಾದಗಿರಿ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದಿಬ್ಬದ ಮಗ್ಗುಲಲ್ಲಿಯೇ ಜನರ ವಸತಿಯೂ ಕಂಡುಬಂದಿತು.

ಈ ದನಗಾಹಿಗಳ ಕಾಲವು ಸ್ಥೂಲವಾಗಿ ಕ್ರಿ. ಪೂ. ೩೦೦೦ದಿಂದ ಕ್ರಿ. ಪೂ. ೧೨೦೦ರವರೆಗೆ ಎಂದು ಗೊತ್ತಾಗಿದೆ. ಇವರು ದನ, ಕುರಿ, ಮೇಕೆಗಳನ್ನು ಸಾಕುತ್ತಿದ್ದರೆಂಬುದು ಮೂಳೆಗಳಿಂದ ಮೊದಲೇ ತಿಳಿದಿದ್ದಿತು. ಬೇಸಾಯದ ವಿಷಯದಲ್ಲಿ ಬಹುಕಾಲ ಊಹೆಯೇ ನಡೆಯುತ್ತಿದ್ದಿತು. ೧೯೯೦ರ ದಶಕದ ಕೊನೆಯಿಂದ ಈಚೆಗೆ ಲಂಡನ್ ವಿಶ್ವವಿದ್ಯಾನಿಲಯ ಕಾಲೇಜಿನ ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್ ಮುಂತಾದ ವಿದ್ವಾಂಸರು ಸಂಗನಕಲ್ಲು, ಹಳ್ಳೂರು ಮೊದಲಾದ ನಿವೇಶನಗಳ ಮಣ್ಣನ್ನು ಕ್ರಮವಾಗಿ ನೀರಿನಲ್ಲಿ ತೇಲಿಸಿ ಕಾಳುಗಳನ್ನು ಸಂಗ್ರಹಿಸಿದರು. ಸಂಗನಕಲ್ಲು ಬಳ್ಳಾರಿ ನಗರದ ಸಮೀಪದಲ್ಲಿದೆ. ಹಳ್ಳೂರು ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದಲ್ಲಿದೆ. ಅವರು ಕಂಡುಕೊಂಡ ಮುಖ್ಯ ವಿಷಯಗಳನ್ನು ೨೦೦೧ ಮತ್ತು ೨೦೦೪ನೆಯ ಇಸವಿಗಳಲ್ಲಿ ಪ್ರಕಟಿಸಿದರು.

ಅವರು ಬೆಳೆದ ನಾಲ್ಕು ಬೆಳೆಗಳು

ಈ ಪರೀಕ್ಷೆಗಳಲ್ಲಿ ಎಲ್ಲೆಲ್ಲಿಯೂ ಮತ್ತೆ ಮತ್ತೆ ಕಂಡುಬಂದುವು ನಾಲ್ಕೇ ಬಗೆಯ ಕಾಳುಗಳು: ದ್ವಿದಳಗಳಲ್ಲಿ ಹುರುಳಿ ಮತ್ತು ಹೆಸರು, ಹುಲ್ಲುಧಾನ್ಯಗಳಲ್ಲಿ ಕೊರಲೆ, ಮತ್ತು ನವಣೆಗೆ ಹತ್ತಿರದ ಬಂಧುವಾದ ಒಂದು ಸಣ್ಣ ಧಾನ್ಯ. ಈ ಕೊನೆಯದಕ್ಕೆ ಸಸ್ಯಶಾಸ್ತ್ರದಲ್ಲಿ ಸೆಟೇರಿಯ ವರ್ಟಿಸಿಲ್ಲೇಟ ಎಂದು ಹೆಸರು. ಹೊಲದ ಬದುವಿನಲ್ಲಿ ನಡೆದುಹೋಗುವಾಗ ಒರಟು ತೆನೆಯಿಂದ ಬಟ್ಟೆಗೆ ಅಂಟಿಕೊಳ್ಳುವ ಹುಲ್ಲೇ ಇದು. ಇಂದು ಇದನ್ನು ಕಳೆಯೆಂದು ಕಿತ್ತೆಸೆಯುವರು. ನಾಲ್ಕು ಸಾವಿರ ವರ್ಷಗಳ ಹಿಂದೆ ಇದೇ ಭೂಮಿಯಲ್ಲಿ ಇದು ಮನುಷ್ಯರ ಊಟದ ಮುಖ್ಯ ಧಾನ್ಯಗಳಲ್ಲಿ ಒಂದಾಗಿದ್ದಿತು.

ಕೊರಲೆಯು ಅಷ್ಟು ದುರವಸ್ಥೆಗೆ ಇಳಿದಿಲ್ಲ. ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿಯೂ ಆಂಧ್ರದ ಅನಂತಪುರದ ಕಡೆಯಲ್ಲಿಯೂ ಅದರ ಬೇಸಾಯವು ಇನ್ನೂ ಉಳಿದಿದೆ. ಸಂಯುಕ್ತ ರಾಷ್ಟ್ರಸಂಸ್ಥೆಯು ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಸುಮಾರಿಗೆ ಪಟ್ಟಣದ ಅಂಗಡಿಗಳಲ್ಲಿಯೂ ಕೊರಲೆಯ ಅಕ್ಕಿಗೆ ಗಿರಾಕಿಗಳು ಉಂಟಾದರು.

ಈ ನಾಲ್ಕು ಬೆಳೆಗಳ ಗುಣವನ್ನು ರೈತರ ದೃಷ್ಟಿಯಿಂದ ವಿಚಾರಮಾಡಿದರೆ ಆ ಜನರ ವಿವೇಕವು ಸ್ಪಷ್ಟವಾಗುವುದು. ನಾಲ್ಕೂ ಮುಂಗಾರಿನ ಬೆಳೆಗಳು. ನಾಲ್ಕಕ್ಕೂ ನೀರಾವರಿ ಬೇಡ. ಬಳ್ಳಾರಿಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು ೨೦ ಅಂಗುಲ ಮಳೆಯಲ್ಲಿ, ಗುಡ್ಡದ ಬುಡದ ತೆಳುಮಣ್ಣಿನಲ್ಲಿಯೂ ಇವು ಬೇಗನೆ ಬೆಳೆದು ಫಲ ಕೊಡುವುವು. ಧಾನ್ಯವೂ ದ್ವಿದಳವೂ ಕೂಡಿರುವುದರಿಂದ ಊಟವು ಪುಷ್ಟಿಯಾಗುವುದು. ದ್ವಿದಳದ ಬೇರು ಭೂಮಿಗೆ ಸಾರಜನಕವನ್ನು ಸೇರಿಸುವುದು. ಹುರುಳಿಯ ಹೊಟ್ಟೂ ಧಾನ್ಯದ ಹುಲ್ಲೂ ದನಗಳಿಗೆ ಮೇವಾಗುವುವು. ಮುಖ್ಯವಾದ ಅಂಶವೇನೆಂದರೆ, ಈ ನಾಲ್ಕು ಸಸ್ಯಗಳೂ ಹೊರನಾಡಿನಿಂದ ತಂದುವಲ್ಲ; ಭಾರತದ ಒಣ ಹುಲ್ಲುಗಾವಲುಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ತಾವಾಗಿ ಬೆಳೆಯುವ ಗಿಡಗಳ ಸಂತತಿಗಳು. ಇದರ ಮೇಲಿಂದ, ದಕ್ಷಿಣ ಭಾರತದ ಬೇಸಾಯವು ಬೇರೊಂದು ದೇಶದ ಬೇಸಾಯದ ಅನುಕರಣೆಯಲ್ಲವೆಂದೂ, ಇಲ್ಲಿಯ ಜನರು ಇಲ್ಲಿಯ ಹುಲ್ಲು ಬಳ್ಳಿಗಳಿಂದಲೇ ಅದನ್ನು ಕಟ್ಟಿದರೆಂದೂ ಈ ವಿದ್ವಾಂಸರು ತೀರ್ಮಾನಿಸಿರುವರು.

ಹುರುಳಿಯ ಸಿಪ್ಪೆಯ ವಿಚಾರ

ದೊರೆತ ಕಾಳು ಕಾಡಿನಿಂದ ಆರಿಸಿ ತಂದದ್ದೋ ಬಿತ್ತಿ ಬೆಳೆದದ್ದೋ ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಹುರುಳಿಯ ವಿಷಯದಲ್ಲಿ ಇದಕ್ಕೆ ವಿಸ್ಮಯಕರವಾದ ಉತ್ತರವು ದೊರೆತಿದೆ.

ಕಾಡುಗಿಡದ ಬೀಜಕ್ಕೆ ಸಿಪ್ಪೆಯು ದಪ್ಪವಾಗಿರುವುದು. ಒಂದೇ ಮಳೆಗೆ ಬೀಜಗಳೆಲ್ಲ ಮೊಳೆತು, ಮುಂದೆ ಮಳೆ ತಪ್ಪಿದರೆ ವಂಶವೇ ನಾಶವಾದೀತು; ಆದ್ದರಿಂದ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಮೊಳೆಯುವಂತೆ ಸೃಷ್ಟಿಯ ಏರ್ಪಾಡಿದೆ. ಬೇಸಾಯಗಾರನಿಗೆ ಇಂಥ ಬೀಜದಿಂದ ನಷ್ಟವೇ ಸರಿ. ಅವನು ಬಿತ್ತಿದಾಗ ಬೇಗನೆ ಮೊಳೆತ ಗಿಡಗಳೇ ಕೊಯ್ಲಿಗೆ ಬರುವುವು. ಅವುಗಳ ಕಾಳೇ ಮುಂದಿನ ವರ್ಷದ ಬಿತ್ತನೆಗೆ ಉಳಿಯುವುದು. ಹೀಗೆ ಬಿತ್ತುವುದರಿಂದಲೂ ಕೊಯ್ಯುವುದರಿಂದಲೂ, ಯಾರೂ ಉದ್ದೇಶಪೂರ್ವಕವಾಗಿ ಆರಿಸದೆ ಇದ್ದರೂ, ತೆಳುಸಿಪ್ಪೆಯ ಬೀಜವು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಹೋಗುವುದು.

ಲಂಡನ್ ವಿಶ್ವವಿದ್ಯಾನಿಲಯ ಕಾಲೇಜಿನ ಚಾರ್ಲೀನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ ಎಂಬವರು ದಕ್ಷಿಣ ಭಾರತದ ಪುರಾತನ ಹುರುಳಿಕಾಳುಗಳನ್ನು ಒಡೆಯದೆ, ಸಿಂಕ್ರೋಟ್ರಾನ್ ಎಂಬ ಮಹಾಯಂತ್ರದ ಪ್ರಬಲ ಕ್ಷಕಿರಣಗಳಿಂದ ಅವುಗಳ ಸಿಪ್ಪೆಯ ದಪ್ಪವನ್ನು ಅಳೆದು ೨೦೧೭ರಲ್ಲಿ ಪ್ರಕಟಿಸಿದರು. ಕ್ರಿ. ಪೂ. ೨೦೦೦ದಿಂದ ಕ್ರಿ. ಪೂ. ೧೨೦೦ರವರೆಗಿನ ಅವಧಿಯಲ್ಲಿ ಸಿಪ್ಪೆಯು ದಪ್ಪದಿಂದ ತೆಳ್ಳಗಾದುದು ಅದರಿಂದ ಸಿದ್ಧವಾಯಿತು. ಬದಲಾವಣೆಯು ಒಮ್ಮೆಗೇ ಆಗಲಿಲ್ಲ. ನಿಧಾನವಾಗಿ ಮೆಟ್ಟಿಲು ಮೆಟ್ಟಿಲಾಗಿ ಆಯಿತು. ಇಂದು ರೈತನು ಹುರುಳಿಯನ್ನು ಎರಚಿ, ಒಂದು ಹದಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೊಲವೆಲ್ಲ ಒಂದೇ ಸಮನಾಗಿ ಹಸುರಾಗುವುದನ್ನು ಕಾಣುವನು. ಆ ಒಂದೇ ಸಮನಾದ ಹಸುರು ಎಂಟುನೂರು ವರ್ಷಗಳ ದುಡಿಮೆಯ ಫಲ. ಅದನ್ನು ಮಾಡಿದವರ ಹೆಸರಾಗಲಿ ಭಾಷೆಯಾಗಲಿ ಯಾರಿಗೂ ತಿಳಿಯದು.

ರಾಗಿಯೂ ಇತರ ಬೆಳೆಗಳೂ

ಮೈಸೂರು ಸೀಮೆಯ ಜನರು ರಾಗಿಯನ್ನು ಆದಿಕಾಲದಿಂದ ಬಂದ ಧಾನ್ಯವೆಂದು ಭಾವಿಸುವುದು ಸಹಜ. ಎಂ. ಎಸ್. ನಾಗರಾಜರಾಯರು ಹಳ್ಳೂರಿನಲ್ಲಿ ನಡೆಸಿದ ಉತ್ಖನನದ ಕಾಳುಗಳಲ್ಲಿ ರಾಗಿಯೂ ಇದೆಯೆಂದು ೧೯೭೧ರಲ್ಲಿ ವರದಿಯಾಗಿತ್ತು. ಆದರೆ ಭಾರತದ ಪುರಾತನ ರಾಗಿಯ ವರದಿಗಳನ್ನು ಮುಂದೆ ಫುಲ್ಲರ್‌ರವರು ಪುನಃ ಪರಿಶೀಲಿಸಿದಾಗ, ಅವುಗಳಲ್ಲಿ ಅನೇಕವು ಸಿಪ್ಪೆಯೊಡನೆ ಸುಟ್ಟು ಉಬ್ಬಿದ ಬೇರೆ ಸಣ್ಣ ಧಾನ್ಯಗಳೆಂದು ಕಂಡುಬಂದಿತು. ಖಚಿತವಾಗಿ ರಾಗಿಯೆಂದು ಹೇಳಬಹುದಾದ ಪುರಾತನ ಕಾಳು ಬಹಳ ವಿರಳ. ರಾಗಿಯು ಮೂಲತಃ ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳ ಬೆಳೆ. ಅದು ಇಲ್ಲಿಗೆ ಬಂದಾಗ ಕೊರಲೆಯೂ ಹುರುಳಿಯೂ ಹೊಲಗಳಲ್ಲಿ ಹಳಬರಾಗಿದ್ದುವು. ಇದರಿಂದ ರಾಗಿಯ ಗೌರವಕ್ಕೆ ಕುಂದೇನೂ ಇಲ್ಲ. ಹೊರಗಿನಿಂದ ಬಂದ ಬೆಳೆಯು ಇಲ್ಲಿಯ ಮಣ್ಣಿಗೆ ಒಗ್ಗಿ, ಇಲ್ಲಿಯವರ ಮುದ್ದೆಯಾಗಿ ನೆಲಸಿದುದು ರೈತರ ಗ್ರಹಣಶಕ್ತಿಗೆ ನಿದರ್ಶನವಾಗಿದೆ.

ಇತರ ಬೆಳೆಗಳ ಆಗಮನವೂ ಇದೇ ಬಗೆಯಾಗಿ ಗೊತ್ತಾಗಿದೆ. ಗೋಧಿಯೂ ಜವೆಯೂ ಕ್ರಿ. ಪೂ. ೧೯೦೦ರ ಸುಮಾರಿನಿಂದ ಸ್ವಲ್ಪ ಸ್ವಲ್ಪವಾಗಿ ಕೆಲವು ನಿವೇಶನಗಳಲ್ಲಿ ಕಾಣುವುವು. ಇವು ವಾಯವ್ಯ ದಿಕ್ಕಿನಿಂದ ಬಂದ ಹಿಂಗಾರಿನ ಬೆಳೆಗಳು. ಇವಕ್ಕೆ ಹೆಚ್ಚು ನೀರೂ ಆರೈಕೆಯೂ ಬೇಕಾದುದರಿಂದ ಮುಂಗಾರಿನ ಬೆಳೆಗಳ ಸ್ಥಾನವನ್ನು ಇವು ಕಿತ್ತುಕೊಳ್ಳಲಿಲ್ಲ. ಕ್ರಿ. ಪೂ. ೧೫೦೦ರ ಆಸುಪಾಸಿನಿಂದ ಈಚೆಗೆ ಆಫ್ರಿಕ ಮೂಲದ ಅವರೆ ಮತ್ತು ಸಜ್ಜೆ, ಪೂರ್ವ ಭಾರತದ ಕಡೆಯ ತೊಗರಿ ಇವು ಸೇರುವುವು. ಅನಂತರದ ಕಬ್ಬಿಣದ ಕಾಲದಲ್ಲಿ ಹಳ್ಳೂರಿನಲ್ಲಿ ಹತ್ತಿಯೂ ಅಗಸೆಯೂ ಕಾಣಬರುತ್ತವೆ. ಭತ್ತವು ಈ ಒಣಸೀಮೆಯ ಹಳೆಯ ಪದರಗಳಲ್ಲಿ ಮುಖ್ಯ ಬೆಳೆಯಾಗಿ ಕಾಣುವುದಿಲ್ಲ. ಸೌದೆಯ ಇದ್ದಿಲನ್ನೂ ಹೀಗೆಯೇ ಪರೀಕ್ಷಿಸಿರುವರು. ಸಂಗನಕಲ್ಲಿನ ಇದ್ದಿಲಿನಲ್ಲಿ ಶ್ರೀಗಂಧದ ಮರವೂ ಗುರುತಿಸಲ್ಪಟ್ಟಿದೆ.

ಸಾಕ್ಷ್ಯವು ನಾಶವಾಗುತ್ತಿರುವ ಬಗೆ

ಇಷ್ಟು ವಿಷಯಗಳು ತಿಳಿದುಬಂದುದು ಅಗೆಯದೆ ಉಳಿದಿದ್ದ ಮಣ್ಣಿನಿಂದ ಎಂಬುದನ್ನು ಗಮನಿಸಬೇಕು. ೧೯೪೭ರಲ್ಲಿ ಬ್ರಹ್ಮಗಿರಿಯನ್ನೂ, ಅದೇ ಸುಮಾರಿಗೆ ಬಿ. ಸುಬ್ಬರಾಯರು ಸಂಗನಕಲ್ಲನ್ನೂ ಅಗೆಯಿಸಿದಾಗ ಮಣ್ಣನ್ನು ತೇಲಿಸಿ ಕಾಳು ತೆಗೆಯುವ ಪದ್ಧತಿಯು ಬಳಕೆಗೆ ಬಂದಿರಲಿಲ್ಲ. ಆಗ ಎತ್ತಿ ಹಾಕಿದ ಮಣ್ಣಿನೊಡನೆ ಕಾಳೂ ಹೋಯಿತು. ಸಂಗನಕಲ್ಲಿನಲ್ಲಿ ಅಗೆಯದೆ ಬಿಟ್ಟಿದ್ದ ಭಾಗವು ಐವತ್ತು ವರ್ಷಗಳ ಮೇಲೆ ಮಾತನಾಡಿತು. ಇಂದಿನವರಿಗೆ ತಿಳಿಯದ ವಿಧಾನಗಳು ಮುಂದಿನವರಿಗೆ ತಿಳಿಯಬಹುದು. ಆದರೆ ಅವರಿಗೆ ಮಣ್ಣು ಉಳಿದಿರಬೇಕು.

ಮಣ್ಣು ಉಳಿಯುತ್ತಿಲ್ಲವೆಂಬುದೇ ಚಿಂತೆಯ ವಿಷಯ. ಬೂದಿಗುಡ್ಡಗಳನ್ನು ಗೊಬ್ಬರಕ್ಕೆಂದು ಅಗೆದು ಹೊಲಗಳಿಗೆ ಸಾಗಿಸುವುದು ಬಹುಕಾಲದಿಂದ ನಡೆದುಬಂದಿದೆ. ಮೊದಲು ಗಾಡಿಯಿಂದ ಸಾಗಿಸುವಾಗ ಒಂದು ದಿಬ್ಬವು ಕರಗಲು ತಲೆಮಾರುಗಳು ಹಿಡಿಯುತ್ತಿದ್ದುವು; ಯಂತ್ರಗಳಿಗೆ ಕೆಲವು ದಿನಗಳು ಸಾಕು. ರಸ್ತೆ ಮತ್ತು ಹೊಲಗಳ ಮಟ್ಟಗಾರಿಕೆ, ಕಲ್ಲಿನ ಗಣಿಗಾರಿಕೆ ಇವುಗಳಿಂದಲೂ ಹಾನಿಯಾಗಿದೆ. ಸಂಗನಕಲ್ಲಿನ ಹಿರೇಗುಡ್ಡವು ಕಲ್ಲುಕೊಡಲಿಗಳ ದೊಡ್ಡ ಕಾರ್ಖಾನೆಯಾಗಿದ್ದ ಸ್ಥಳ. ಆ ಗುಡ್ಡಸಾಲಿನ ಕೆಲವು ಭಾಗಗಳು ಕಲ್ಲು ಒಡೆಯುವ ಕೆಲಸಕ್ಕೆ ಸಿಕ್ಕಿ ಹಾಳಾದುವು.

ಗೊಬ್ಬರದ ದೃಷ್ಟಿಯಿಂದ ನೋಡಿದರೂ ಈ ಬೂದಿಯನ್ನು ಸಾಗಿಸುವುದು ಲಾಭದ ಕೆಲಸವಲ್ಲ. ಸಗಣಿಯನ್ನು ಸುಟ್ಟಾಗ ಅದರಲ್ಲಿದ್ದ ಸಾರಜನಕವು ಗಾಳಿಗೆ ಸೇರಿಹೋಗುವುದು. ಬೂದಿಯಲ್ಲಿ ಉಳಿದ ಪೊಟ್ಯಾಷ್ ನೀರಿನಲ್ಲಿ ಕರಗುವ ವಸ್ತು. ಮೂರು ನಾಲ್ಕು ಸಾವಿರ ಮಳೆಗಾಲಗಳನ್ನು ಕಂಡ ಬೂದಿಯಲ್ಲಿ ಅದು ಎಷ್ಟು ಉಳಿದೀತು? ಹೆಚ್ಚಾಗಿ ಉಳಿಯುವುದು ಸುಣ್ಣದ ಮತ್ತು ಮರಳಿನ ಅಂಶ. ಬಯಲುಸೀಮೆಯ ಎರೆಭೂಮಿಯಲ್ಲಿ ಸುಣ್ಣದ ಅಂಶಕ್ಕೆ ಕೊರತೆಯಿಲ್ಲ. ಆ ಹೊಲಗಳಿಗೆ ಬೇಕಾದುದು ಕೊಳೆತ ಸಾವಯವ ಗೊಬ್ಬರ. ಅಷ್ಟೇ ಕೂಲಿಯನ್ನೂ ಬಾಡಿಗೆಯನ್ನೂ ಕೊಟ್ಟಿಗೆಯ ಗೊಬ್ಬರ, ಕೆರೆಯ ಗೋಡು, ಹೊಂಗೆಯ ಸೊಪ್ಪು ಇವುಗಳಿಗೆ ವೆಚ್ಚಮಾಡಿದರೆ ಫಲವು ನಿಶ್ಚಯವಾಗಿಯೂ ಹೆಚ್ಚು.

ಗ್ರಾಮದ ಮುಖಂಡರೂ ಭೂಮಾಲೀಕರೂ ಗಮನಿಸಬೇಕಾದ ಅಂಶಗಳು

೧. ತಮ್ಮ ಗ್ರಾಮದ ಎಲ್ಲೆಯಲ್ಲಿ ಬೂದಿಯ ದಿಬ್ಬ, ನಯಮಾಡಿದ ಕಲ್ಲುಕೊಡಲಿ, ಬಂಡೆಯ ಮೇಲೆ ಅರೆದು ಆದ ಉದ್ದನೆಯ ಗಾಡಿಗಳು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಚೂರು ಇವು ಕಂಡುಬಂದರೆ ಅದು ಪುರಾತನ ವಸತಿಯಿರಬಹುದೆಂದು ತಿಳಿಯಬೇಕು. ಬೂದಿದಿಬ್ಬದಲ್ಲಿ ಕಾಳು ಹೆಚ್ಚಾಗಿ ಇರುವುದಿಲ್ಲ; ಅದರ ಮಗ್ಗುಲಿನ ಸಾಧಾರಣವಾಗಿ ಕಾಣುವ ಕಪ್ಪುಮಣ್ಣಿನಲ್ಲಿಯೂ, ಸಮೀಪದ ಗುಡ್ಡದ ಮೇಲಿನ ಮಟ್ಟಸ ನೆಲದಲ್ಲಿಯೂ ಇರುವುದು. ಆದಕಾರಣ ದಿಬ್ಬದಷ್ಟೇ ಎಚ್ಚರಿಕೆಯಿಂದ ಸುತ್ತಲಿನ ನೆಲವನ್ನೂ ಕಾಪಾಡಬೇಕು.

೨. ಬಾವಿ, ಅಡಿಪಾಯ, ಕಾಲುವೆಗಳನ್ನು ತೋಡುವಾಗ ಬೂದಿ ಮತ್ತು ಇದ್ದಿಲಿನ ಪದರವು ಕಂಡರೆ ಕೆಲಸವನ್ನು ಅಲ್ಲಿಗೆ ನಿಲ್ಲಿಸಿ, ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಹಶೀಲ್ದಾರರ ಮೂಲಕ ತಿಳಿಸಬೇಕು. ಸಂರಕ್ಷಿತವೆಂದು ಪ್ರಕಟವಾದ ನಿವೇಶನಗಳನ್ನು ಅಗೆಯುವುದು ೧೯೫೮ರ ಕೇಂದ್ರ ಶಾಸನದಂತೆಯೂ ೧೯೬೧ರ ಕರ್ನಾಟಕದ ಶಾಸನದಂತೆಯೂ ನಿಷಿದ್ಧವಾಗಿದೆ. ಪ್ರಕಟವಾಗದ ನಿವೇಶನಗಳಿಗೆ ಗ್ರಾಮಸ್ಥರ ವಿವೇಕವೇ ರಕ್ಷಣೆ.

೩. ಕಾಳನ್ನೋ ಇದ್ದಿಲನ್ನೋ ತಾವೇ ಆರಿಸಿ ಮನೆಗೆ ತಂದಿಡುವುದರಿಂದ ಪ್ರಯೋಜನವಿಲ್ಲ. ಯಾವ ಪದರದಿಂದ ಬಂತೆಂಬ ಗುರುತು ತಪ್ಪಿದ ಕಾಳು, ಸಾಕ್ಷಿಯ ಹೆಸರಿಲ್ಲದ ಪತ್ರದಂತೆ ನಿರರ್ಥಕವಾಗುವುದು.

೪. ಕೊರಲೆ, ಸಾವೆ, ಹಾರಕ, ಬಣ್ಣಬಣ್ಣದ ಹುರುಳಿ ಇವುಗಳ ಹಳೆಯ ತಳಿಗಳನ್ನು ಇನ್ನೂ ಬಿತ್ತುವ ಮುದುಕರು ಪ್ರತಿ ಹೋಬಳಿಯಲ್ಲಿಯೂ ಕೆಲವರಿರುವರು. ಅವರ ಬೀಜವನ್ನು ಒಂದಿಷ್ಟು ಪಡೆದು ತಮ್ಮ ಹೊಲದ ಒಂದು ಮೂಲೆಯಲ್ಲಿ ವರ್ಷವೂ ಬೆಳೆಸಿ ಉಳಿಸಬೇಕು. ಒಂದು ಪಾಲನ್ನು ಹತ್ತಿರದ ಕೃಷಿ ವಿಶ್ವವಿದ್ಯಾನಿಲಯಕ್ಕೂ ಕೊಡಬಹುದು. ಹೊಲದಿಂದ ಒಮ್ಮೆ ಬಿಟ್ಟುಹೋದ ಬೆಳೆಯು ಕಳೆಯಾಗುವುದೆಂಬುದನ್ನು ನವಣೆಯ ಬಂಧುವಾದ ಆ ಅಂಟುವ ಹುಲ್ಲು ತೋರಿಸಿಕೊಟ್ಟಿದೆ.

೫. ಶಾಲೆಯ ಮಕ್ಕಳನ್ನು ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ತೋರಿಸುವುದು ಉಚಿತ. ತನ್ನ ಊರಿನ ದಿಬ್ಬವು ಏನೆಂದು ಬಲ್ಲ ಹುಡುಗನು ಮುಂದೆ ಅದನ್ನು ಅಗೆಯಲಾರನು.

ತಾತ ಮುತ್ತಾತಂದಿರಿಂದ ಬಂದ ಭೂಮಿಯ ಪತ್ರಗಳನ್ನು ಭೂಮಾಲೀಕರು ಪೆಟ್ಟಿಗೆಯಲ್ಲಿಟ್ಟು ಕಾಪಾಡುವರು. ಆ ಪತ್ರಗಳು ನೂರು ಇನ್ನೂರು ವರ್ಷಗಳ ಹಿಂದಿನವು. ಅದೇ ಭೂಮಿಯನ್ನು ಮೊಟ್ಟಮೊದಲು ಹಸನುಮಾಡಿದವರ ಪತ್ರಗಳು ಬದುವಿನಾಚೆಯ ಬೂದಿಮಣ್ಣಿನಲ್ಲಿ ಅಡಗಿವೆ. ಅವನ್ನು ಓದಲು ಬಲ್ಲವರು ಬರುವವರೆಗೆ ಅವು ಇದ್ದಲ್ಲಿಯೇ ಇರುವಂತೆ ನೋಡಿಕೊಳ್ಳುವುದು ಭೂಮಿಯನ್ನು ಅನುಭವಿಸುತ್ತಿರುವವರ ಕರ್ತವ್ಯವಾಗಿದೆ.